ಚಪ್ಪಲಿ ಎಣಿಸಿ ಶಾಲೆ ಆರಿಸಿದೆ

ಹೋದ ವಾರ ಭಾವಮೈದ ಫೋನ್ ಮಾಡಿದ್ದ. "ಭಾವ, ನಮ್ಮ ಹುಡುಗನಿಗೂ ಒಂದು ಸರ್ಕಾರಿ ಶಾಲೆ ನೋಡಿ ಕೊಡ್ರಿ" ಎಂದ. ಮೂರು ವರ್ಷದ ಹಿಂದೆ ಇದೇ ಮನುಷ್ಯ ನಮ್ಮ ಪಡಸಾಲೆಯಲ್ಲಿ ಕೂತು "ನಮ್ಮಕ್ಕನ ಮಗಳನ್ನ ಕನ್ನಡ ಶಾಲೆಗೆ ಹಾಕ್ತೀರಾ? ನೆಂಟರ ಮುಂದೆ ತಲೆ ಎತ್ತೋದು ಹೆಂಗೆ?" ಎಂದು ಕೇಳಿ, ಹಾಕಿಕೊಟ್ಟ ಚಹಾ ಕುಡಿಯದೆ ಎದ್ದು ಹೋಗಿದ್ದ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಅಂತಲೇ ಇಟ್ಟುಕೊಳ್ಳಿ.

ನಾನು ದಾವಣಗೆರೆ ಎಪಿಎಂಸಿಯ ಒಂದು ಮೆಕ್ಕೆಜೋಳದ ಅಂಗಡಿಯಲ್ಲಿ ಗುಮಾಸ್ತ. ಹದಿನೇಳು ವರ್ಷದಿಂದ ಚೀಲಕ್ಕೆ ಚುಚ್ಚಿ ಕಾಳು ತೆಗೆದು ನೋಡುವುದೇ ಕೆಲಸ. ಚೀಲದ ಬಾಯಲ್ಲಿರುವ ಕಾಳು ಯಾವತ್ತೂ ಚೆನ್ನಾಗಿರುತ್ತದೆ, ಚಿನ್ನದ ಹಾಗೆ ಹೊಳೆಯುತ್ತದೆ. ತೇವ, ಬೂಸ್ಟು, ಹುಳ ಎಲ್ಲ ಇರೋದು ತಳದಲ್ಲಿ. ಇಷ್ಟು ಗೊತ್ತಿದ್ದೂ ದೊಡ್ಡ ಮಗನ ವಿಷಯದಲ್ಲಿ ನಾನು ಬಾಯಿ ನೋಡಿಯೇ ರೇಟು ಕಟ್ಟಿದೆ. ಬಣ್ಣದ ಕಟ್ಟಡ, ಟೈ, ಗೇಟಿನಲ್ಲಿ ಸೆಕ್ಯೂರಿಟಿ. ಡೊನೇಷನ್ 25 ಸಾವಿರ, ವರ್ಷದ ಫೀಸು ಸುಮಾರು 38 ಸಾವಿರ, ವ್ಯಾನಿಗೆ ತಿಂಗಳಿಗೆ 900, ಮೇಲೆ ಟ್ಯೂಷನ್ 600. ಮೂರನೇ ಕ್ಲಾಸಿಗೆ ಬಂದರೂ ಹುಡುಗ ಮಂಡಿಪೇಟೆಯಲ್ಲಿ ಒಂದು ಅಂಗಡಿ ಬೋರ್ಡು ಓದಲಿಲ್ಲ. ಇಂಗ್ಲಿಷೂ ಅಷ್ಟೇ. ಪದ್ಯ ಹಾಡುತ್ತಿದ್ದ, ಪದಕ್ಕೆ ಬೆರಳಿಟ್ಟು ಕೇಳಿದರೆ ನನ್ನ ಮುಖ ನೋಡುತ್ತಿದ್ದ. ಮುಂದೆ ಶಾಲೆ ಬಿಡಿಸುವಾಗ ಟಿಸಿ ಕೊಡಲು ಎರಡು ತಿಂಗಳು ಅಲೆಸಿದರು. ಡೊನೇಷನ್ನಿನ ಸುದ್ದಿ ಎತ್ತಿದರೆ ಆಫೀಸಿನ ಹುಡುಗಿ ನಕ್ಕಳು.

ಮಗಳ ಸರದಿ ಬಂದಾಗ ತಳದಿಂದಲೇ ನೋಡೋಣ ಅಂತ ಹೊರಟೆ. 2022ರ ಮಳೆಗಾಲದಿಂದ ಮುಂದಿನ ಬೇಸಿಗೆವರೆಗೆ ಮನೆಯ ಸುತ್ತ ಮೂರು ಕಿಲೋಮೀಟರ್ ಒಳಗಿನ ಐದು ಸರ್ಕಾರಿ ಶಾಲೆ ನೋಡಿದೆ. ಎರಡು ಕಿರಿಯ ಪ್ರಾಥಮಿಕ, ಮೂರು ಹಿರಿಯ ಪ್ರಾಥಮಿಕ.

ಮೊದಲ ಎಡವಟ್ಟು ಯುಡೈಸ್ ನಂಬಿದ್ದು, ಅಂದರೆ ಪ್ರತಿ ಶಾಲೆಯ ಮಕ್ಕಳು, ಶಿಕ್ಷಕರು, ಕಟ್ಟಡದ ಲೆಕ್ಕ ಇರುವ ಸರ್ಕಾರಿ ವೆಬ್‌ಸೈಟು. ಎಲ್ಲರೂ ಅಲ್ಲಿಂದಲೇ ಶುರು ಮಾಡ್ತೀವಿ, ಅಲ್ವಾ? ಒಂದು ಶಾಲೆಯಲ್ಲಿ 70 ಚಿಲ್ಲರೆ ಮಕ್ಕಳಿಗೆ ನಾಲ್ಕು ಜನ ಶಿಕ್ಷಕರು ಅಂತಿತ್ತು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅಷ್ಟು ಮಕ್ಕಳಿಗೆ ಮೂರು ಜನ ಸಾಕು. ಭಾರಿ ಖುಷಿಯಾಗಿ ಹೋದೆ. ಹೋಗಿ ನೋಡಿದರೆ ಒಬ್ಬರು ನಿಯೋಜನೆ ಮೇಲೆ ಬೇರೆ ಕಡೆ, ಒಬ್ಬರು ಹೆರಿಗೆ ರಜೆ, ಹೆಡ್‌ಮಾಸ್ಟರ್ ಮೀಟಿಂಗಿಗೆ. ಉಳಿದ ಒಬ್ಬ ಮೇಡಂ ವೆರಾಂಡದಲ್ಲಿ ನಿಂತು ಐದೂ ಕ್ಲಾಸನ್ನು ಸುಮ್ಮನಿರಿಸುತ್ತಿದ್ದರು. ಪಾಪ, ಅವರ ತಪ್ಪೇನಿಲ್ಲ. ಶೌಚಾಲಯ ಇದೆ ಅಂತಲೂ ಯುಡೈಸ್‌ನಲ್ಲಿ ಇರುತ್ತದೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಇರಲ್ಲ.

ಎರಡನೆಯದು ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, 150 ಪದದೊಳಗೆ ಬರೆದು, ಒಂದು ಶಾಲೆಯ ಹಾಜರಾತಿ ಕೇಳಿದೆ. ಪುಟಕ್ಕೆ ಎರಡು ರೂಪಾಯಿಯಂತೆ ನಲವತ್ತು ಪುಟ ಜೆರಾಕ್ಸ್ ಬಂತು. ಎಲ್ಲ ಪುಟದಲ್ಲೂ ಎಲ್ಲರೂ ಹಾಜರು. ಅದಕ್ಕಿಂತ ದೊಡ್ಡ ನಷ್ಟ ಅಂದರೆ, ಆಮೇಲೆ ಆ ಶಾಲೆಯವರು ನನ್ನನ್ನು ಕಂಡರೆ ಎದ್ದು ನಿಂತು ಕುರ್ಚಿ ಹಾಕುತ್ತಿದ್ದರು. ಕುರ್ಚಿ ಹಾಕಿದ ಮೇಲೆ ಏನೂ ಕಾಣಲ್ಲ. ನೋಟ್‌ಬುಕ್ ಹಿಡಿದು ಹೋಗುವುದನ್ನೂ ಅವತ್ತೇ ಬಿಟ್ಟೆ. ಮಗಳನ್ನು ಸೇರಿಸುವ ತಂದೆ ಅಂತಲೇ ಹೋಗಿ, ಹೆಡ್‌ಮಾಸ್ಟರ್ ಅನುಮತಿ ಕೇಳಿ, ಲೆಕ್ಕವನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಬಂದು ಮನೆಯಲ್ಲಿ ಬರೆದುಕೊಳ್ಳುತ್ತಿದ್ದೆ.

ಮೂರನೆಯದಕ್ಕೆ ಈಗಲೂ ನಗು ಬರುತ್ತದೆ. ನಮ್ಮ ಅಂಗಡಿಗೆ ಅಮಾವಾಸ್ಯೆ ರಜೆ. ಸಂಬಳ ಕಟ್ ಆಗಲ್ಲ ಅಂತ ಅಮಾವಾಸ್ಯೆ ದಿನವೇ ಶಾಲೆ ನೋಡಲು ಹೋಗುತ್ತಿದ್ದೆ. ನಮ್ಮಮ್ಮ ಬೈದರೂ ಕೇಳಲಿಲ್ಲ. ಮೂರು ಅಮಾವಾಸ್ಯೆ ಆದ ಮೇಲೆ ಹೊಳೆಯಿತು, ಎಲ್ಲ ಶಾಲೆಯಲ್ಲೂ ಹಾಜರಾತಿ ಕಮ್ಮಿ ಬರುತ್ತಿದೆ. ಅರ್ಧ ಮಕ್ಕಳು ಅಪ್ಪ ಅಮ್ಮನ ಜೊತೆ ದೇವಸ್ಥಾನಕ್ಕೆ ಹೋಗಿರುತ್ತಿದ್ದರು. ಮೂರು ತಿಂಗಳ ಲೆಕ್ಕ ತಿಪ್ಪೆಗೆ. ಆಮೇಲೆ ಅರ್ಧರ್ಧ ದಿನ ರಜೆ ಹಾಕಿದೆ, ಸಲಕ್ಕೆ 350 ರೂಪಾಯಿ ಹೋಯಿತು. ಒಟ್ಟು ಎಂಟು ಸಲ ಇರಬೇಕು. ಪೆಟ್ರೋಲಿಗೆ ಒಂದು ಸಾವಿರ ಸೇರಿಸಿದರೂ ನಾಲ್ಕು ಸಾವಿರದ ಒಳಗೇ ಮುಗಿಯಿತು. ಡೊನೇಷನ್ 25 ಸಾವಿರದ ಪಕ್ಕ ಇಟ್ಟು ನೋಡಿ.

ಈಗ ಚಪ್ಪಲಿ ವಿಷಯ. ಕ್ಲಾಸಿನ ಬಾಗಿಲ ಹೊರಗೆ ಮಕ್ಕಳು ಚಪ್ಪಲಿ ಬಿಟ್ಟಿರುತ್ತಾರೆ. ಕಪ್ಪುಹಲಗೆ ಮೂಲೆಯಲ್ಲಿ "ಒಟ್ಟು, ಹಾಜರು" ಬರೆದಿರುತ್ತದೆ. ಬೆಳಗ್ಗೆ ಒಮ್ಮೆ, ಬಿಸಿಯೂಟ ಆದ ಮೇಲೆ ಮೂರು ಗಂಟೆ ಹೊತ್ತಿಗೆ ಇನ್ನೊಮ್ಮೆ ಎಣಿಸಬೇಕು. ಒಂದು ಶಾಲೆಯ ನಾಲ್ಕನೇ ತರಗತಿ ಹೊರಗೆ ಬೆಳಗ್ಗೆ 31 ಜೊತೆ, ಬೋರ್ಡಿನಲ್ಲಿ ಹಾಜರು 33. ಇಬ್ಬರು ಬರಿಗಾಲಲ್ಲಿ ಬಂದಿರಬಹುದು, ಸರಿ. ಮೂರು ಗಂಟೆಗೆ 19 ಜೊತೆ. ಬೋರ್ಡಿನಲ್ಲಿ ಅದೇ 33. ಊಟ ಮುಗಿಸಿ ಮಕ್ಕಳು ಕಾಂಪೌಂಡ್ ಹಾರಿ ಹೋಗಿದ್ದರು, ಯಾರೂ ಕೇಳಿರಲಿಲ್ಲ. ನಾವು ಕೊನೆಗೆ ಆರಿಸಿದ ಶಾಲೆಯಲ್ಲಿ ಬೆಳಗ್ಗೆ 27, ಮಧ್ಯಾಹ್ನ 26. ನಾನು ಬಾಗಿಲಲ್ಲಿ ನಿಂತಿದ್ದು ನೋಡಿ ಮೇಡಂ ತಾವಾಗೇ ಅಂದರು, "ಒಬ್ಬನಿಗೆ ಜ್ವರ ಬಂತು ಸಾರ್, ಅವರಮ್ಮ ಬಂದು ಕರ್ಕೊಂಡು ಹೋದ್ರು." ನಾನು ಕೇಳಿರಲೇ ಇಲ್ಲ. ಆ ಒಂದು ಮಾತಿಗೇ ನನ್ನ ಮನಸ್ಸು ಅರ್ಧ ತೀರ್ಮಾನ ಮಾಡಿಬಿಟ್ಟಿತು.

ಎಣಿಕೆ ಸರಿಯಿದೆಯಾ ಅಂತ ನೋಡಲು ಅಡುಗೆ ಅಮ್ಮನನ್ನು ಕೇಳಿ. ಆಗ ಮೊಟ್ಟೆ ವಾರಕ್ಕೆ ಒಂದೋ ಎರಡೋ ದಿನ, 2024ರಲ್ಲಿ ಶುರುವಾದ ಆರು ದಿನದ ಮೊಟ್ಟೆ ಇನ್ನೂ ಬಂದಿರಲಿಲ್ಲ. "ಇವತ್ತು ಎಷ್ಟು ಮೊಟ್ಟೆ ಬೇಯಿಸಿದ್ರಿ, ಬಾಳೆಹಣ್ಣು ಎಷ್ಟು ಜನಕ್ಕೆ?" ಎಂದರೆ ಎರಡೂ ಸಂಖ್ಯೆ ಬಾಯಿ ತುದಿಯಲ್ಲಿ ಇರುತ್ತದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಹಾಗಾಗಿ ಎರಡನ್ನೂ ಕೂಡಿಸಿದರೆ ಬಂದ ಮಕ್ಕಳ ಲೆಕ್ಕ ಮುಗಿಯಿತು. ಗೇಟಿನ ಎದುರು ಪೇರಲಹಣ್ಣು ಮಾರುವ ಅಜ್ಜಿಗೆ ಯಾವ ಮೇಷ್ಟ್ರು ಎಷ್ಟು ಗಂಟೆಗೆ ಬರುತ್ತಾರೆ ಅಂತ ಗೊತ್ತಿರುತ್ತದೆ. ಅರ್ಧ ಕೆ.ಜಿ. ಪೇರಲ ತಗೊಳ್ಳದೆ ಕೇಳಬೇಡಿ.

ಓದಿಸಿ ನೋಡುವುದರಲ್ಲೂ ಮೊದಲು ಮೋಸ ಹೋದೆ. ಮುಂದಿನ ಸಾಲಿನ ಹುಡುಗಿಯ ಪಠ್ಯಪುಸ್ತಕ ತೆಗೆದು ಓದು ಅಂದೆ. ಗಡಗಡ ಓದಿದಳು. ಅನುಮಾನ ಬಂದು ಸಾಲಿನ ಮೇಲೆ ಅಂಗೈ ಮುಚ್ಚಿದೆ. ಆಗಲೂ ಓದಿದಳು! ಚಿತ್ರ ನೋಡಿಕೊಂಡು ಬಾಯಿಪಾಠ. ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತೆ ಅಂತ ನೋಡುವ ಅಸರ್ ಸಮೀಕ್ಷೆಯವರ ಓದುವ ಹಾಳೆ ಸಿಗುತ್ತದೆ, ಅದೂ ಎಷ್ಟೋ ಶಾಲೆಗೆ ಬಂದು ಹೋಗಿರುತ್ತದೆ. ಹಾಗಾಗಿ ನಾನೇ ಒಂದು ಚೀಟಿ ಬರೆದೆ. ನಾಲ್ಕೇ ಸಾಲು, ಎರಡನೇ ತರಗತಿ ಮಟ್ಟದ್ದು. ಬೆಣ್ಣೆ, ಮಂಡಕ್ಕಿ, ಅಜ್ಜಿ ಇರಬೇಕು, ಜೊತೆಗೆ ರಸ್ತೆ, ಪುಸ್ತಕ, ಚಂದ್ರ ಇರಬೇಕು. ಅದೇ ಅಕ್ಷರಕ್ಕೆ ಅದೇ ಒತ್ತು ಬಂದರೆ ತುಂಬಾ ಮಕ್ಕಳು ದಾಟುತ್ತಾರೆ. ಬೇರೆ ಒತ್ತು ಬಂದಾಗ ನಿಲ್ಲುತ್ತಾರೆ. "ರಸ್ತೆ"ಯನ್ನು "ರಸೆ" ಅಂದು ಮುಂದೆ ಓಡಿದರೆ ಒಂಥರ, ತಡೆದು, ತಿರುಗಿ ನೋಡಿ, "ರಸ್... ರಸ್ತೆ" ಅಂದರೆ ಇನ್ನೊಂಥರ. ಎರಡನೇ ಥರದ ಮಕ್ಕಳಿಗೆ ಯಾರೋ ಕೂತು ಕಲಿಸಿದ್ದಾರೆ ಅಂತ ಅರ್ಥ. ನಾಲ್ಕನೇ ತರಗತಿಯ ಹಿಂದಿನ ಸಾಲಿನ ಐದು ಜನರಿಗೆ ಕೊಟ್ಟೆ. ಆ ವರ್ಷ ಕಲಿಕಾ ಚೇತರಿಕೆ ನಡೆಯುತ್ತಿತ್ತು, ಕೋವಿಡ್‌ನಲ್ಲಿ ಕಳೆದದ್ದನ್ನು ಎಲ್ಲರೂ ತುಂಬಿಸುತ್ತಿದ್ದರು. ಅದಕ್ಕೇ ಐದರಲ್ಲಿ ಇಬ್ಬರು ಓದಿದರೂ ಪಾಸು ಅಂತಿಟ್ಟುಕೊಂಡಿದ್ದೆ. ನಮ್ಮ ಶಾಲೆಯಲ್ಲಿ ಮೂವರು ಓದಿದರು. ಒಂದು ದೊಡ್ಡ ಹೆಸರಿನ ಶಾಲೆಯಲ್ಲಿ ಒಬ್ಬನೂ ಇಲ್ಲ.

ಹಿಂದಿನ ಸಾಲಿನವರನ್ನು ಮೇಷ್ಟ್ರಿಗೆ ಬೇಜಾರಾಗದ ಹಾಗೆ ಹೇಗೆ ಮಾತಾಡಿಸಿದೆ ಅಂತ ಕೇಳಬೇಡಿ, ಹೇಳಲ್ಲ. ಕೊನೆಗೆ ಮಕ್ಕಳಿಗೆ ಕೇಳುವ ಒಂದು ಪ್ರಶ್ನೆಯೂ ಇದೆ, ಅದನ್ನೂ ಬರೆಯಲ್ಲ. ಬರೆದರೆ ನಾಳೆ ಅದಕ್ಕೂ ಉತ್ತರ ಬಾಯಿಪಾಠ ಮಾಡಿಸುತ್ತಾರೆ.

ಲೆಕ್ಕ ಒಂದೇ: 43ರಲ್ಲಿ 18 ಕಳೆ. ತಪ್ಪು ಮಾಡುವ ಮಕ್ಕಳು 35 ಅಂತಾರೆ, ಎಂಟರಲ್ಲಿ ಮೂರು ಕಳೆದುಬಿಡುತ್ತಾರೆ. ತಪ್ಪಿಗೆ ನಾನು ತಲೆ ಕೆಡಿಸಿಕೊಳ್ಳಲ್ಲ. ನೋಟ್‌ಬುಕ್ ತೆಗೆಸಿ ನೋಡುತ್ತೇನೆ. ಒಂದು ಶಾಲೆಯಲ್ಲಿ ಇಂಥದೇ ತಪ್ಪು ಉತ್ತರದ ಮೇಲೂ ಕೆಂಪು ಶಾಯಿಯ ರೈಟ್ ಮಾರ್ಕು, ಕೆಳಗೆ ಸಹಿ, ದಿನಾಂಕ. ಪುಟಪುಟಕ್ಕೂ ಹಾಗೇ. ಇನ್ನೊಂದು ಕಡೆ ತಪ್ಪಿಗೆ ಸುತ್ತು ಹಾಕಿ, ಪಕ್ಕದಲ್ಲಿ ಹತ್ತು ಕಡ್ಡಿಯ ಒಂದು ಕಟ್ಟು ಬಿಚ್ಚಿದ ಚಿತ್ರ ಬರೆದಿದ್ದರು. ಅದು ಯಾವ ಶಾಲೆ ಅಂತ ನಿಮಗೆ ಗೊತ್ತಾಯಿತು.

ನಡುವೆ ಒಂದು ಹುಚ್ಚು. ಅಂಗಡಿಯ ತಕ್ಕಡಿಯಲ್ಲಿ ಮಗನ ಬ್ಯಾಗು ತೂಗಿದೆ, ಆರು ಕೆ.ಜಿ. ಮೇಲೆ ಬಂತು. 2019ರ ಸರ್ಕಾರಿ ಸುತ್ತೋಲೆ ಪ್ರಕಾರ ಮೂರರಿಂದ ಐದನೇ ತರಗತಿಗೆ ಎರಡರಿಂದ ಮೂರು ಕೆ.ಜಿ. ಇರಬೇಕು. ಇದರಲ್ಲೇನೋ ಸೂತ್ರ ಸಿಗುತ್ತೆ ಅಂತ ಬೀದಿ ಮಕ್ಕಳ ಬ್ಯಾಗನ್ನೆಲ್ಲ ಎರಡು ಭಾನುವಾರ ತೂಗಿದೆ. ಏನೂ ಸಿಗಲಿಲ್ಲ. ಎಲ್ಲಕ್ಕಿಂತ ಹಗುರ ಬ್ಯಾಗು ಇದ್ದದ್ದು ಆ 35ಕ್ಕೆ ರೈಟ್ ಹಾಕಿದ ಶಾಲೆಯ ಮಕ್ಕಳದ್ದು. ಮಾಲೀಕರು ಮಾತ್ರ "ಏನಪ್ಪಾ, ಜೋಳ ಬಿಟ್ಟು ಪುಸ್ತಕದ ವ್ಯಾಪಾರಾನಾ?" ಎಂದು ತಿಂಗಳಿಡೀ ಆಡಿಕೊಂಡರು.

ಸೇರಿಸಿದ ಮೇಲೆ ಮೊದಲ ಆರು ತಿಂಗಳು ಕಷ್ಟ ಆಯಿತು. ಗಣಪತಿ ಹಬ್ಬಕ್ಕೆ ಬಂದ ಅತ್ತೆ ಮೊಮ್ಮಗಳಿಗೆ "ಅ ಆ ಇ ಈ ಹೇಳೇ ಪುಟ್ಟಿ" ಎಂದರು. ಅವಳು "ರ ಗ ಸ ದ ಅ" ಎಂದಳು. ಅತ್ತೆ ನನ್ನ ಕಡೆ ನೋಡಿದ ನೋಟ ಮರೆಯಲ್ಲ. ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳಲ್ಲಿ ಆಡುತ್ತಾ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಅಕ್ಷರ ಹಾಗೇ ಶುರು, ವರ್ಣಮಾಲೆಯ ಕ್ರಮದಲ್ಲಲ್ಲ ಅಂತ ಅವರಿಗೆ ಹೇಳಿ ಸಾಕಾಯಿತು. ಅದೇ ಐದಕ್ಷರದಲ್ಲಿ ಮಗಳು ಅರಸ, ದಸರ, ಅಗಸ, ಗರಗಸ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳು. ಅತ್ತೆ "ಹೂಂ" ಅಂದರು ಅಷ್ಟೇ. ಎರಡನೇ ತರಗತಿ ಮುಗಿಯುವ ಹೊತ್ತಿಗೆ ಅದೇ ಅತ್ತೆಗೆ ಮಾತ್ರೆ ಚೀಟಿಯ ಮೇಲಿನ "ಊಟದ ನಂತರ" ಓದಿ ಹೇಳುತ್ತಿದ್ದದ್ದು ಇವಳೇ. ಮಗನನ್ನೂ ಅಲ್ಲಿಗೇ ಹಾಕಿದೆವು. ಅವನು ದಾರಿಗೆ ಬರಲು ಒಂದೂವರೆ ವರ್ಷ ಹಿಡಿಯಿತು.

ಎಲ್ಲ ಚೆನ್ನಾಗಿದೆ ಅಂತ ಹೇಳಲ್ಲ. ಇಂಗ್ಲಿಷ್ ಸಾಲದು, ಆಟದ ಮೇಷ್ಟ್ರು ಇಲ್ಲ, ಮಳೆ ಬಂದರೆ ಒಂದು ಕೋಣೆ ಸೋರುತ್ತದೆ. ದೊಡ್ಡ ಭಯ ವರ್ಗಾವಣೆಯದು. ಶಾಲೆ ಚೆನ್ನಾಗಿದೆ ಅಂದರೆ ಅಲ್ಲಿ ಇಬ್ಬರು ಮೇಡಂ ಚೆನ್ನಾಗಿದ್ದಾರೆ ಅಂತ ಅರ್ಥ, ಅವರು ಹೋದರೆ ಚೀಲ ಖಾಲಿ. ಹಾಗಾಗಿ ಯಾರು ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿಕೊಳ್ಳಲೇಬೇಕು. ನಾನು ಕೇಳಿದಾಗ ಒಬ್ಬರು ಬಂದು ಎರಡೇ ವರ್ಷ ಆಗಿತ್ತು, ಅದು ನನ್ನ ಪುಣ್ಯ. ಈಗ ವರ್ಗಾವಣೆ ಕೌನ್ಸೆಲಿಂಗ್ ಸುದ್ದಿ ಬಂದರೆ ನನ್ನ ಹೆಂಡತಿ ಅವರ ಮನೆಯವರಿಗಿಂತ ಜಾಸ್ತಿ ಚಿಂತೆ ಮಾಡುತ್ತಾಳೆ.

ಈ ವರ್ಷ ನಾನೂ ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯಲ್ಲಿ, ಇದ್ದೇನೆ. ಎರಡು ಸಾವಿರ ಕೊಟ್ಟು ವೆರಾಂಡಕ್ಕೆ ಚಪ್ಪಲಿ ಸ್ಟ್ಯಾಂಡ್ ಮಾಡಿಸಿದೆ, ಎಣಿಸೋಕೆ ಇನ್ನೂ ಸಲೀಸು. ಭಾವಮೈದ ಇರುವುದು ಹರಿಹರದಲ್ಲಿ. ಅಮಾವಾಸ್ಯೆ ಕಳೆದ ಮೇಲಿನ ಮಂಗಳವಾರ ಅರ್ಧ ದಿನ ರಜೆ ಹೇಳಿದ್ದೇನೆ. ಪೆಟ್ರೋಲ್ ಅವನೇ ಹಾಕಿಸಬೇಕು ಅಂತ ಮಾತಾಗಿದೆ. ರಜೆಯ 350 ರೂಪಾಯಿಯನ್ನೂ ಕೇಳೋಣ ಅಂದುಕೊಂಡೆ, ಹೆಂಡತಿ ಬೇಡ ಅಂದಳು.