ಕಿಡ್ನಿ ಹಿಗ್ಗಿದೆ, ಸರಿ. ಯಾಕೆ?

ಕೇಸ್ ಶೀಟಿನಲ್ಲಿ ‘ಎಡಗಡೆ ಹೈಡ್ರೋನೆಫ್ರೋಸಿಸ್’ (ಮೂತ್ರ ಸರಿಯಾಗಿ ಇಳಿಯದೆ ಕಿಡ್ನಿ ಹಿಗ್ಗುವುದು) ಅಂತ ಒಂದೇ ಸಾಲು, ಕೆಳಗೆ ಸಹಿ. ಕೋಡರ್, ಅಂದರೆ ಡಾಕ್ಟರ್ ಬರೆದ ಕಾಯಿಲೆಗೆ ಕೋಡ್ ಸಂಖ್ಯೆ ಕೊಡುವವರು, ಎನ್13.30 ಹಾಕಿ ಮುಂದಿನ ಫೈಲ್ ತೆಗೆಯುತ್ತಾರೆ. ತಪ್ಪೇನಲ್ಲ, ಆದರೆ ಅದು ‘ವಿವರ ಇಲ್ಲ’ ಅನ್ನುವ ಕೋಡ್. ಅದೇ ಫೈಲಿನ ಸ್ಕ್ಯಾನ್ ರಿಪೋರ್ಟಿನಲ್ಲಿ ‘ಎಡ ಯುರೇಟರ್‌ನಲ್ಲಿ 8 ಮಿ.ಮೀ. ಕಲ್ಲು’ ಅಂತ ಇದ್ದರೆ? (ಯುರೇಟರ್ ಅಂದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಮೂತ್ರ ಒಯ್ಯುವ ನಾಳ.)

ಇಲ್ಲಿ ಹೇಳುತ್ತಿರುವುದು ಅಮೆರಿಕದಲ್ಲಿ 2015ರ ಅಕ್ಟೋಬರ್‌ನಿಂದ ಬಳಕೆಯಲ್ಲಿರುವ ಐಸಿಡಿ-10-ಸಿಎಂ ಅನ್ನುವ ಕಾಯಿಲೆ ಪಟ್ಟಿಯ ಕೋಡ್‌ಗಳ ಬಗ್ಗೆ.

ಮೊದಲು ಪದ ನೋಡಿ. ಬರೀ ‘ಕಿಡ್ನಿ ಹಿಗ್ಗಿದೆ’ ಅಂತ ಬರೆದಿದ್ದರೆ ಕೋಡ್ ಪಟ್ಟಿಯ ಇಂಡೆಕ್ಸ್ ನಿಮ್ಮನ್ನು ಎನ್28.89ಕ್ಕೆ ಕಳಿಸುತ್ತದೆ. ಹೈಡ್ರೋನೆಫ್ರೋಸಿಸ್ ಅಂತ ಇದ್ದರೆ ಮಾತ್ರ ಎನ್13. ಒಂದು ಪದಕ್ಕೆ ಇಷ್ಟು ವ್ಯತ್ಯಾಸ!

ಆಮೇಲೆ ಕಾರಣ ಹುಡುಕಿ. ಕಿಡ್ನಿಗೆ ಯುರೇಟರ್ ಸೇರುವ ಜಾಗದಲ್ಲೇ ಅಡ್ಡಿಯಾಗಿದ್ದರೆ ಎನ್13.0. ಯುರೇಟರ್ ಕಿರಿದಾಗಿದ್ದರೆ ಎನ್13.1. ಕಲ್ಲು ಅಡ್ಡ ಬಂದಿದ್ದರೆ ಎನ್13.2. ಅದೇ ಕಲ್ಲಿಗೆ ಮತ್ತೆ ಎನ್20 ಸೇರಿಸಬೇಡಿ, ಎನ್13.2ರಲ್ಲೇ ಕಲ್ಲೂ ಬಂತು. ಹುಟ್ಟಿನಿಂದಲೇ ಇದ್ದರೆ ಎನ್ ಗುಂಪಿನ ಕಡೆ ಹೋಗಲೇಬೇಡಿ, ಕ್ಯೂ62.0 ನೋಡಿ.

ಇನ್ನು ಸೋಂಕು. ಜಾಸ್ತಿ ಎಡವುವುದು ಇಲ್ಲೇ. ಅಡಚಣೆಯ ಜೊತೆ ಸೋಂಕೂ ಇದ್ದರೆ ಇಡೀ ಚಿತ್ರವೇ ಎನ್13.6ಕ್ಕೆ, ಅಂದರೆ ಪಯೋನೆಫ್ರೋಸಿಸ್‌ಗೆ (ಕಿಡ್ನಿಯಲ್ಲಿ ಕೀವಾಗುವುದು), ಬದಲಾಗುತ್ತದೆ. ಕಲ್ಚರ್ ಪರೀಕ್ಷೆಯಲ್ಲಿ ಯಾವ ರೋಗಾಣು ಸಿಕ್ಕಿತು ಅಂತ ಡಾಕ್ಟರ್ ಬರೆದಿದ್ದರೆ ಬಿ95ರಿಂದ ಬಿ97ರೊಳಗಿನ ಕೋಡ್ ಜೊತೆಗೆ ಬರಬೇಕು. ಆದರೆ ಜ್ವರ ಇದೆ, ಆ್ಯಂಟಿಬಯೋಟಿಕ್ ನಡೆದಿದೆ ಅಂತ ಸುಮ್ನೆ ಊಹಿಸಿ ಎನ್13.6 ಹಾಕುವ ಹಾಗಿಲ್ಲ.

ಎಡವೋ ಬಲವೋ ಅನ್ನುವುದು ಎನ್13ರ ಕೋಡ್‌ಗಳಲ್ಲಿ ಕಾಣುವುದಿಲ್ಲ. ಹಾಗಂತ ಡಾಕ್ಟರ್ ಬರೆಯದೆ ಬಿಟ್ಟರೆ ಸ್ಟೆಂಟ್ (ನಾಳ ತೆರೆದಿಡುವ ಕೊಳವೆ) ಯಾವ ಕಡೆ ಹಾಕಿದರು ಅಂತ ನಾಳೆ ತಡಕಾಡಬೇಕಾಗುತ್ತದೆ, ಅಲ್ವಾ?

ಹೊರರೋಗಿ ವಿಭಾಗದಲ್ಲಿ ‘ಇರಬಹುದು’, ‘ಶಂಕೆ’ ಅಂತ ಬರೆದದ್ದನ್ನು ಕಾಯಿಲೆ ಅಂತ ಕೋಡ್ ಮಾಡುವಂತಿಲ್ಲ. ರೋಗಲಕ್ಷಣವನ್ನಷ್ಟೇ ಹಾಕಿ.

ಈಗ ಆ 8 ಮಿ.ಮೀ. ಕಲ್ಲಿಗೆ ಬರೋಣ. ದಾಖಲಾದ ರೋಗಿಯ ಸ್ಕ್ಯಾನ್ ಓದಿ ನೀವೇ ಎನ್13.2 ಹಾಕಬೇಡಿ, ಚಿಕಿತ್ಸೆ ಕೊಡುವ ಡಾಕ್ಟರನ್ನು ಕೇಳಿ. ‘ಕಲ್ಲಿನಿಂದಲೇ ಆಗಿದೆ ತಾನೇ?’ ಅಂತ ಕೇಳಿದರೆ ಉತ್ತರ ನೀವೇ ಬಾಯಿಗೆ ಹಾಕಿದ ಹಾಗೆ. ಹೀಗೆ ಬರೆಯಿರಿ: ‘ಸ್ಕ್ಯಾನ್‌ನಲ್ಲಿ ಎಡ ಯುರೇಟರ್‌ನಲ್ಲಿ 8 ಮಿ.ಮೀ. ಕಲ್ಲು ಎಂದಿದೆ. ಹೈಡ್ರೋನೆಫ್ರೋಸಿಸ್‌ಗೆ ಕಾರಣ ಏನೆಂದು ದಯವಿಟ್ಟು ನಮೂದಿಸಿ.’