ಬಂಡೂರು ಟಗರು: ಟವಲ್ ವ್ಯಾಪಾರ ಬಿಟ್ಟು ಸವಾಲು ಕೂಗಿ ಮಾರಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಇದು ಬಕ್ರೀದ್‌ಗೆ ಟಗರು ಮೇಯಿಸಿ ಮಾರುವವರಿಗೆ ಬರೆದಿದ್ದಲ್ಲ. ಆ ವ್ಯಾಪಾರ ನಾನೂ ಮಾಡುತ್ತೇನೆ, ಅದರಲ್ಲಿ ದುಡ್ಡೂ ಇದೆ. ಆದರೆ ಅದರ ಲೆಕ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ಬೀಜದ ಟಗರಿನ ವಿಷಯ. ಇನ್ನೊಬ್ಬರ ಮಂದೆಗೆ ಹೋಗಿ ಮರಿ ಹುಟ್ಟಿಸಬೇಕಾದ ಟಗರನ್ನು ಹೇಗೆ ತಯಾರು ಮಾಡಿದೆ, ಹೇಗೆ ತೋರಿಸಿದೆ, ಹೇಗೆ ಮಾರಿದೆ ಅನ್ನುವುದು.

ನಮ್ಮದು ಮಳವಳ್ಳಿ ತಾಲ್ಲೂಕು. ನಮ್ಮ ಬಂಡೂರು ಕುರಿ ತಳಿಗೆ ಹೆಸರು ಕೊಟ್ಟ ಬಂಡೂರು ಅನ್ನುವ ಹಳ್ಳಿ ಇರುವುದೂ ಇದೇ ತಾಲ್ಲೂಕಿನಲ್ಲಿ. ಕೆಲವರು ಬನ್ನೂರು ಕುರಿ ಅನ್ನುತ್ತಾರೆ, ಸರ್ಕಾರದ ತಳಿ ಪಟ್ಟಿಯಲ್ಲಿ ಮಂಡ್ಯ ಕುರಿ ಅಂತಿದೆ, ಎಲ್ಲಾ ಒಂದೇ. ಇಷ್ಟು ಹೆಸರಿದ್ದರೂ ಅಪ್ಪಟ ತಳಿ ಸಿಗುವುದು ಕಷ್ಟ ಆಗಿದೆ. ಬೇರೆ ತಳಿಯ ಜೊತೆ ಬೆರೆತಿದ್ದು ಒಂದು ಕಾರಣ. ಇನ್ನೊಂದನ್ನು ನಮ್ಮವರು ಬಾಯಿಬಿಟ್ಟು ಹೇಳುವುದಿಲ್ಲ. ಮಂದೆಯಲ್ಲಿ ಚೆನ್ನಾಗಿ ಬೆಳೆದ ಟಗರು ಯಾವುದೋ ಅದೇ ಮೊದಲು ಬಕ್ರೀದ್‌ಗೆ ಹೋಗುತ್ತದೆ. ಯಾರೂ ಕೇಳದೆ ಉಳಿದ ಸಣಕಲು ಟಗರು ಮಂದೆಗೆ ಅಪ್ಪ ಆಗುತ್ತದೆ. ವರ್ಷಾ ವರ್ಷ ಹೀಗೇ ಮಾಡಿದರೆ ತಳಿ ಎಲ್ಲಿ ಉಳಿಯುತ್ತೆ ಹೇಳಿ.

ಸಂತೆಯಲ್ಲಿ ಟಗರು ಹಿಡಿದು ನಿಂತವರಿಗೆ ಗೊತ್ತು. ಬಂದವರೆಲ್ಲ ಮೊದಲು ಬೆನ್ನಿಗೆ ಕೈ ಹಾಕುತ್ತಾರೆ, ಆಮೇಲೆ ಕೇಳುತ್ತಾರೆ: "ಯಜಮಾನ್ರೇ, ಎಷ್ಟು ಕೆಜಿ ಬೀಳ್ಬೋದು?" ಇದರ ಅಪ್ಪ ಯಾವುದು, ತಾಯಿ ಎಷ್ಟು ಸೂಲು ಮರಿ ಸಾಕಿದ್ದಾಳೆ ಅಂತ ಹೇಳಲು ಹೋದರೆ ದಲ್ಲಾಳಿ ನಗುತ್ತಾನೆ. ಆಮೇಲೆ ಟವಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಹೇಳುವ ಆಟ. ಒಬ್ಬ ಎಷ್ಟು ಕೇಳಿದ ಅಂತ ಇನ್ನೊಬ್ಬನಿಗೆ ಗೊತ್ತಾಗುವುದಿಲ್ಲ. ಮಾಂಸದ ಟಗರಿಗೆ ಆ ಪದ್ಧತಿ ಇರಲಿ, ನನ್ನದೇನೂ ತಕರಾರಿಲ್ಲ. ಬೀಜದ ಟಗರಿಗೆ ಮಾತ್ರ ಅದು ಒಗ್ಗುವುದಿಲ್ಲ. ಇಬ್ಬರು ಸಾಕಣೆದಾರರು ಒಂದೇ ಟಗರಿನ ಮೇಲೆ ಕಣ್ಣಿಟ್ಟಿದ್ದಾರೆ ಅಂತ ಒಬ್ಬರಿಗೊಬ್ಬರಿಗೆ ಕಾಣಬೇಕು. ಆಗಲೇ ಅದರ ನಿಜವಾದ ಬೆಲೆ ಹೊರಗೆ ಬರುವುದು.

ಸ್ಕಾಟ್ಲೆಂಡಿನಲ್ಲಿ ಕೆಲ್ಸೊ ಅಂತ ಒಂದು ಊರಿದೆ. ಅಲ್ಲಿ 1838ರಿಂದ ಟಗರು ಹರಾಜು ನಡೆಯುತ್ತಿದೆ, ಒಂದೇ ದಿನ ಹಲವು ಕಣಗಳಲ್ಲಿ ಒಟ್ಟಿಗೇ ಕೂಗುತ್ತಾರೆ. ಅದರ ವಿಡಿಯೊಗಳನ್ನು ರಾತ್ರಿ ಕೂತು ನೋಡುತ್ತಿದ್ದೆ. ಅದೇ ದೇಶದ ಲಾನಾರ್ಕ್‌ನಲ್ಲಿ 2020ರ ಆಗಸ್ಟ್‌ನಲ್ಲಿ ಟೆಕ್ಸೆಲ್ ತಳಿಯ ಒಂದು ಟಗರುಮರಿ 3,50,000 ಗಿನಿಗೆ ಹೋಯಿತು (ಒಂದು ಗಿನಿ ಅಂದರೆ ಒಂದು ಪೌಂಡಿಗಿಂತ ಸ್ವಲ್ಪ ಜಾಸ್ತಿ). ನಮ್ಮ ದುಡ್ಡಲ್ಲಿ ಮೂರು ಕೋಟಿಗೂ ಜಾಸ್ತಿ. ಆ ಹುಚ್ಚು ನಮಗೆ ಬೇಡ. ನನಗೆ ಹಿಡಿಸಿದ್ದು ಬೇರೆ. ಪ್ರತಿ ದೊಡ್ಡಿಯ ಮುಂದೆ ನಂಬರು ಇರುತ್ತದೆ, ಕೈಯಲ್ಲಿ ಅಪ್ಪ ಅಮ್ಮನ ವಿವರ ಇರುವ ಪುಸ್ತಕ ಇರುತ್ತದೆ, ಕೊಳ್ಳುವವರು ಬೆಳಗ್ಗೆಯೇ ಬಂದು ಒಂದೊಂದನ್ನೂ ಮುಟ್ಟಿ ನೋಡಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಹರಾಜು ಶುರುವಾಗುವ ಹೊತ್ತಿಗೆ ಅರ್ಧ ವ್ಯಾಪಾರ ಮುಗಿದಿರುತ್ತದೆ. ಇದನ್ನು ನಮ್ಮ ಮಟ್ಟಕ್ಕೆ ಇಳಿಸಬಹುದಲ್ವಾ ಅಂತ ಅನ್ನಿಸಿತು. ಪಕ್ಕದ ಊರುಗಳ ಇಬ್ಬರು ಸ್ನೇಹಿತರನ್ನು ಒಪ್ಪಿಸಿದೆ. ನಮ್ಮ ತೋಟದ ಶೆಡ್ಡಿನಲ್ಲೇ ಮಾಡೋಣ ಅಂತಾಯಿತು.

ಯಾವಾಗ ಅನ್ನುವುದರ ಬಗ್ಗೆ ದೊಡ್ಡ ಜಗಳವೇ ಆಯಿತು. ಬಕ್ರೀದ್‌ಗೆ ಮುಂಚೆ ಇಟ್ಟರೆ ಬೆಲೆ ಮೇಲಿರುತ್ತದೆ, ಮಾಂಸದವರೂ ಕೂಗುತ್ತಾರೆ ಅಂತ ಒಬ್ಬರ ವಾದ. ನಿಜವೇ. ಆದರೆ ಹಾಗೆ ಕೊಂಡ ಟಗರು ಮಂದೆಗೆ ಹೋಗುವುದಿಲ್ಲ. ಬಕ್ರೀದ್ ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ, ಹಾಗಾಗಿ ನಮ್ಮ ತಾರೀಖನ್ನೂ ಅದರ ಜೊತೆ ಸರಿಸುತ್ತಾ ಹೋಗಬೇಕು. ಕೊನೆಗೆ ಹಬ್ಬ ಮುಗಿದ ಮೇಲೇ ಅಂತ ತೀರ್ಮಾನಿಸಿದೆವು. ಒಂದಿಷ್ಟು ದಿನ ಮೇವಿನ ಖರ್ಚು ಜಾಸ್ತಿ ಬೀಳುತ್ತದೆ, ಬೀಳಲಿ.

ಈಗ ಆಯ್ಕೆ. ಎಲ್ಲಾ ಟಗರೂ ಬೀಜಕ್ಕಾಗುವುದಿಲ್ಲ, ಮುಕ್ಕಾಲು ಪಾಲು ಆಗುವುದಿಲ್ಲ. ನಾನು ಮೊದಲು ಹಿಂದಿನಿಂದ ನೋಡುತ್ತೇನೆ. ಅಪ್ಪಟ ಬಂಡೂರು ಹಿಂದಿನಿಂದ ಇಂಗ್ಲಿಷಿನ ಯು ಅಕ್ಷರ ತಲೆಕೆಳಗಾದ ಹಾಗೆ ಕಾಣಬೇಕು. ಗಿಡ್ಡ ಕಾಲು, ಅಗಲ ಬೆನ್ನು, ಎರಡು ತೊಡೆಯ ನಡುವೆ ಮಾಂಸ ತುಂಬಿರಬೇಕು. ಮೈ ಬಿಳಿ, ಮುಖದಲ್ಲಿ ಕಂದು ಮಚ್ಚೆ ಇರಬಹುದು, ಅದು ಕತ್ತಿನವರೆಗೂ ಇಳಿದಿರಬಹುದು. ಕಿವಿ ಎಲೆಯಂತೆ ಜೋತಾಡಬೇಕು. ಕೊಂಬು ಇರಬಾರದು. ಕೊರಳಲ್ಲಿ ಜೋತಾಡುವ ಎರಡು ಚರ್ಮದ ತೊಂಗಲು ಇದ್ದರೆ ಮಾತ್ರ ಅಪ್ಪಟ ಅಂತ ತುಂಬಾ ಜನ ನಂಬುತ್ತಾರೆ. ಅದು ಇಲ್ಲದ ಒಳ್ಳೆಯ ಬಂಡೂರೂ ಇರುತ್ತವೆ, ಇದ್ದಿದ್ದೆಲ್ಲ ಅಪ್ಪಟವೂ ಅಲ್ಲ. ಸುಮ್ನೆ ಅದನ್ನೇ ಹಿಡಿದುಕೊಂಡು ಬೆಲೆ ಏರಿಸುವವರನ್ನು ನಂಬಬೇಡಿ.

ಆಮೇಲೆ ಬಾಯಿ. ಹಾಲುಹಲ್ಲಿನ ಮರಿಯನ್ನು ನಾನು ಬೀಜಕ್ಕೆ ಅಂತ ಮಾರುವುದಿಲ್ಲ, ಎಷ್ಟೇ ದೊಡ್ಡದಿರಲಿ. ಎರಡು ಹಲ್ಲು ಅಂದರೆ ಒಂದರಿಂದ ಒಂದೂವರೆ ವರ್ಷ, ನಾಲ್ಕು ಹಲ್ಲು ಅಂದರೆ ಎರಡು ವರ್ಷದ ಹತ್ತಿರ. ಕೊಳ್ಳುವವರು ನಾಲ್ಕು ಹಲ್ಲಿನದನ್ನು ಜಾಸ್ತಿ ಕೇಳುತ್ತಾರೆ. ಕೆಳಗಿನ ಹಲ್ಲು ಮೇಲಿನ ವಸಡಿಗೆ ಸರಿಯಾಗಿ ಕೂಡಬೇಕು. ದವಡೆ ಹಿಂದೆ ಮುಂದೆ ಇದ್ದರೆ ಅದು ಮರಿಗೂ ಹೋಗುತ್ತದೆ, ಅಂಥದ್ದನ್ನು ಮಾಂಸಕ್ಕೆ ಕಳಿಸಿ.

ಮುಖ್ಯವಾದದ್ದನ್ನು ನೋಡಲು ನಮ್ಮವರಿಗೆ ನಾಚಿಕೆ. ಬೀಜ, ಅಂದರೆ ವೃಷಣ, ಎರಡೂ ಕೆಳಗೆ ಇಳಿದಿರಬೇಕು, ಒಂದೇ ಸಮ ಇರಬೇಕು, ಒತ್ತಿದರೆ ಗಟ್ಟಿಯಾಗಿರಬೇಕು, ಗಂಟು ಇರಬಾರದು. ಒಂಟಿ ಬೀಜದ ಟಗರು ನೋಡಲು ಎಷ್ಟೇ ಚೆಂದ ಇದ್ದರೂ ಬೇಡ. ವೀರ್ಯ ತಯಾರಾಗಲು ಏಳು ವಾರದ ಹತ್ತಿರ ಬೇಕು. ಈ ವಾರ ಜ್ವರ ಬಂದು ಸೊರಗಿದ ಟಗರಿನ ತೊಂದರೆ ಕಾಣುವುದು ಮುಂದಿನ ತಿಂಗಳಲ್ಲಿ. ಅದಕ್ಕೇ ನಾನು ತಯಾರಿಯನ್ನು ಎರಡು ತಿಂಗಳು ಮುಂಚೆಯೇ ಶುರು ಮಾಡುತ್ತೇನೆ. ಜಂತಿನ ಔಷಧಿ, ಪಿಪಿಆರ್ (ಕುರಿ ಮೇಕೆಗಳ ಪ್ಲೇಗ್) ಮತ್ತು ಕರುಳುಬೇನೆ ಲಸಿಕೆ ಎಲ್ಲಾ ಆಗಲೇ ಮುಗಿಸಿ, ಪಶು ವೈದ್ಯರಿಂದ ಚೀಟಿ ಬರೆಸಿ ಇಟ್ಟುಕೊಳ್ಳುತ್ತೇನೆ.

ಮೇವಿನ ವಿಷಯದಲ್ಲಿ ನನಗೂ ನಮ್ಮ ಕಡೆಯ ಹಿರಿಯರಿಗೂ ಇವತ್ತಿಗೂ ಹೊಂದಾಣಿಕೆ ಇಲ್ಲ. ತೋರಿಸುವ ಟಗರು ಉಂಡೆಯಂತೆ ಇರಬೇಕು ಅನ್ನುತ್ತಾರೆ ಅವರು. ಬೊಜ್ಜು ಎಲ್ಲಾ ಕುಂದನ್ನೂ ಮುಚ್ಚುತ್ತದೆ, ನಿಜ. ಆದರೆ ಹಾಗೆ ಕೊಬ್ಬಿದ್ದು ಹೊಸ ಮಂದೆಗೆ ಹೋದ ಮೇಲೆ ಏದುಸಿರು ಬಿಡುತ್ತಾ ನೆರಳಲ್ಲಿ ಮಲಗುತ್ತದೆ. ಕೊಂಡವನು ಬಯ್ಯುವುದು ನಮ್ಮನ್ನೇ. ಬೆನ್ನಮೂಳೆಯ ಮೇಲೆ ಬೆರಳು ಒತ್ತಿದರೆ ಮೂಳೆ ಕೈಗೆ ಸಿಗಬೇಕು, ಆದರೆ ಚುಚ್ಚಬಾರದು. ನನ್ನ ಪ್ರಕಾರ ಬೀಜದ ಟಗರಿಗೆ ಅಷ್ಟು ಮೈ ಸಾಕು.

ಬೆಳಗ್ಗೆ ಸಂಜೆ ಹಿಪ್ಪುನೇರಳೆ ಸೊಪ್ಪು, ಅಗಸೆ ಸೊಪ್ಪು, ಜೊತೆಗೆ ಹುರುಳಿ ಹೊಟ್ಟು. ನಮ್ಮ ಕಡೆ ರೇಷ್ಮೆ ಇರುವುದರಿಂದ ಹುಳ ತಿಂದು ಬಿಟ್ಟ ಕಡ್ಡಿಯೂ ಸಿಗುತ್ತದೆ. ಆದರೆ ತೋಟಕ್ಕೆ ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತ ಕೇಳದೆ ತರಬೇಡಿ. ಜೋಳದ ನುಚ್ಚು, ಕಡ್ಲೆಕಾಯಿ ಹಿಂಡಿ, ಬೂಸಾ, ಖನಿಜದ ಪುಡಿ, ಉಪ್ಪು ಕಲಸಿ ದಿನಕ್ಕೆ 300ರಿಂದ 400 ಗ್ರಾಂ ಕೊಡುತ್ತೇನೆ, ಅದೂ ಎರಡು ಹೊತ್ತಿಗೆ ಹಂಚಿ. ಇದ್ದಕ್ಕಿದ್ದಂತೆ ಕಾಳು ಜಾಸ್ತಿ ಮಾಡಿದರೆ ಹೊಟ್ಟೆಯಲ್ಲಿ ಹುಳಿ ಏರಿ ಟಗರು ಮೇವು ಬಿಡುತ್ತದೆ, ಸತ್ತೂ ಹೋಗಬಹುದು. ಇನ್ನೊಂದು, ಬೂಸಾ ಮತ್ತು ಕಾಳಿನಲ್ಲಿ ರಂಜಕ ಜಾಸ್ತಿ. ಅದನ್ನೇ ತಿನ್ನಿಸಿ ನೀರು ಕಮ್ಮಿ ಕುಡಿಸಿದರೆ ಗಂಡು ಪ್ರಾಣಿಗೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಟಗರು ಬೆನ್ನು ಬಗ್ಗಿಸಿ ತಿಣುಕುತ್ತಾ ಹನಿ ಹನಿ ಉಚ್ಚೆ ಹೊಯ್ಯುತ್ತಿದ್ದರೆ ನಾಟಿ ಔಷಧಿ ಅಂತ ಕೂರಬೇಡಿ, ಅವತ್ತೇ ಡಾಕ್ಟರ್ ಕರೆಸಿ. ಉಪ್ಪು ಹಾಕುವುದೇ ನೀರು ಕುಡಿಯಲಿ ಅಂತ.

ನಡೆಸುವ ಅಭ್ಯಾಸ ತುಂಬಾ ಮುಖ್ಯ. ಸಂಜೆ ಹೊತ್ತು ಕತ್ತಿಗೆ ಹಗ್ಗ ಹಾಕಿ ಕಾಲುವೆ ಏರಿ ಮೇಲೆ ನಡೆಸಿಕೊಂಡು ಹೋಗುವುದು ನಮ್ಮ ಮಗನ ಕೆಲಸ. ಜನ ಕಂಡರೆ, ಮೈಕ್ ಸದ್ದು ಕೇಳಿದರೆ ಬೆದರಬಾರದು. ಅದಕ್ಕೆ ಶೆಡ್ಡಿನಲ್ಲಿ ರೇಡಿಯೊ ಹಾಕಿಟ್ಟಿದ್ದೆವು. ನಿಲ್ಲಿಸುವಾಗ ನಾಲ್ಕು ಕಾಲೂ ಚೌಕವಾಗಿ ಇರಬೇಕು, ಗದ್ದದ ಕೆಳಗೆ ಕೈ ಕೊಟ್ಟು ತಲೆ ಎತ್ತಿ ಹಿಡಿಯಬೇಕು. ಕೂದಲು ಹಿಡಿದು ಎಳೆಯಬೇಡಿ, ಟಗರು ಬೆನ್ನು ಬಗ್ಗಿಸುತ್ತದೆ. ಗೊರಸನ್ನು ಎರಡು ವಾರ ಮುಂಚೆಯೇ ಕತ್ತರಿಸಿ. ಹಿಂದಿನ ದಿನ ಕತ್ತರಿಸಿ ಸ್ವಲ್ಪ ಆಳ ಹೋದರೆ ಕಣದಲ್ಲಿ ಕುಂಟುತ್ತದೆ, ಆಮೇಲೆ ಏನು ಹೇಳಿದರೂ ಯಾರೂ ಕೇಳುವುದಿಲ್ಲ. ಮೈ ತೊಳೆಯುವುದು ಎರಡು ಮೂರು ದಿನ ಮುಂಚೆ, ಬಿಸಿಲಿರುವಾಗ. ಬಿಳಿ ಕಾಣಲಿ ಅಂತ ಪೌಡರ್ ಹಚ್ಚುವವರಿದ್ದಾರೆ. ಬೆನ್ನು ಸವರಿದವನ ಕೈಗೆ ಅದು ಅಂಟಿದರೆ ಮರ್ಯಾದೆ ಹೋಗುತ್ತದೆ, ನನಗಂತೂ ಅದು ಬೇಡ.

ಮಂಡ್ಯದ ಕೃಷಿ ಕಾಲೇಜು ಇರುವ ವಿ.ಸಿ. ಫಾರಂನ ಕೃಷಿ ಮೇಳಕ್ಕೆ ಹೋಗುವುದನ್ನೂ ಬಿಡುವುದಿಲ್ಲ. ಅಲ್ಲಿ ಮಾರಾಟ ಕಮ್ಮಿ, ಫೋಟೊ ಜಾಸ್ತಿ. ಆದರೆ ಫೋನ್ ನಂಬರು ಕೇಳಿ ಹೋದ ಹತ್ತು ಜನರಲ್ಲಿ ಇಬ್ಬರು ಆಮೇಲೆ ಶೆಡ್ಡಿಗೆ ಬರುತ್ತಾರೆ, ಅವರೇ ನಿಜವಾದ ಗಿರಾಕಿಗಳು. ಸಾಗಿಸುವಾಗ ಒಂದು ಎಚ್ಚರ. ಪರಿಚಯ ಇಲ್ಲದ ಎರಡು ಟಗರನ್ನು ಟಾಟಾ ಏಸ್‌ನಲ್ಲಿ ಸಡಿಲವಾಗಿ ಬಿಡಬೇಡಿ. ಹಿಂದೆ ಸರಿದು ಓಡಿ ಬಂದು ಗುದ್ದಲು ಜಾಗ ಸಿಕ್ಕರೆ ಕತ್ತು ಮುರಿಯುವಷ್ಟು ಗುದ್ದಾಡುತ್ತವೆ. ಹಲಗೆ ಅಡ್ಡ ಕಟ್ಟಿ, ಇಲ್ಲವೇ ಹಿಂದೆ ಸರಿಯಲು ಆಗದಷ್ಟು ಇಕ್ಕಟ್ಟಾಗಿ ನಿಲ್ಲಿಸಿ. ಹೊಸ ಜಾಗದ ನೀರು ಕುಡಿಯದಿದ್ದರೆ ಸ್ವಲ್ಪ ಬೆಲ್ಲ ಕದಡಿ ಇಡುತ್ತೇನೆ.

ಹರಾಜಿನ ದಿನಕ್ಕೆ ಬರೋಣ. ಪ್ರತಿ ದೊಡ್ಡಿಗೂ ಒಂದು ರಟ್ಟು ಕಟ್ಟಿದ್ದೆವು. ಹುಟ್ಟಿದ ದಿನ, ಒಂಟಿಯೋ ಅವಳಿಯೋ, ಮೂರು ತಿಂಗಳಿಗೆ ಎಷ್ಟು ತೂಕ, ಈಗ ಎಷ್ಟು ತೂಕ, ಅಪ್ಪ, ತಾಯಿ, ತಾಯಿಯ ಅಪ್ಪ. ಇದಕ್ಕೆಲ್ಲ ಆಧಾರ ನನ್ನ ಮನೆಯ ನೋಟ್‌ಬುಕ್, ಅದನ್ನೂ ಮೇಜಿನ ಮೇಲೆ ಇಟ್ಟಿದ್ದೆ, ಯಾರು ಬೇಕಾದರೂ ತಿರುವಲಿ ಅಂತ. ಕಿವಿಯ ಹಳದಿ ಓಲೆಯಲ್ಲಿರುವ 12 ಅಂಕಿಯನ್ನೇ ತಳಿಯ ಪ್ರಮಾಣಪತ್ರ ಅಂತ ತೋರಿಸುವವರಿದ್ದಾರೆ. ಅದು ಪ್ರಾಣಿಯ ಗುರುತು ಅಷ್ಟೇ. ಅಪ್ಪ ಯಾರು ಅಂತ ಸಾಕುವವನೇ ಬರೆದಿಡಬೇಕು.

ಬೆಳಗ್ಗೆ ಪೂರ್ತಿ ನೋಡಲು ಬಿಟ್ಟೆವು. ಬಾಯಿ ತೆರೆಯಿರಿ, ಹಿಂದೆ ಮುಟ್ಟಿ ನೋಡಿ, ನಡೆಸಿ ನೋಡಿ ಅಂತ ನಾವೇ ಹೇಳಿದೆವು. ಕೂಗಲು ಬರುವವರು ಮುಂಗಡವಾಗಿ ಒಂದಿಷ್ಟು ಠೇವಣಿ ಕಟ್ಟಿ ನಂಬರಿನ ಚೀಟಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಸುಮ್ನೆ ಬಂದು ಬೆಲೆ ಏರಿಸಿ ಹೋಗುವವರು ಇರುತ್ತಾರೆ. ಪ್ರತಿ ಟಗರಿಗೂ ಕನಿಷ್ಠ ಬೆಲೆಯನ್ನು ಚೀಟಿಯಲ್ಲಿ ಬರೆದು ಮಡಚಿ, ಸವಾಲು ಕೂಗುವವರ ಕೈಗೆ ಕೊಟ್ಟಿದ್ದೆವು. ಆ ಬೆಲೆ ಮಾಂಸದ ಲೆಕ್ಕಕ್ಕಿಂತ ಮೇಲೇ ಇರಬೇಕು ಅನ್ನುವುದು ನಮ್ಮ ಒಪ್ಪಂದ. ಮಾಂಸದವರು ಬರಬೇಡಿ ಅಂತ ನಾವು ಹೇಳಲಿಲ್ಲ, ಬೆಲೆಯೇ ಅವರನ್ನು ಹೊರಗಿಟ್ಟಿತು. ಕೂಗಲು ನಮ್ಮೂರಿನ ಮಾರಮ್ಮನ ಹಬ್ಬದಲ್ಲಿ ಹರಾಜು ಕೂಗುವವರನ್ನೇ ಕರೆದಿದ್ದೆವು. ಒಂದ್ಸಾರಿ, ಎರಡ್ಸಾರಿ ಅಂತ ನಿಲ್ಲಿಸಿ ಜನರ ಮುಖ ನೋಡುವ ಕಲೆ ಅವರಿಗೆ ಚೆನ್ನಾಗಿ ಗೊತ್ತು.

ಯಾವುದನ್ನು ಮೊದಲು ಬಿಡಬೇಕು ಅನ್ನುವುದೂ ಲೆಕ್ಕವೇ. ಅತ್ಯುತ್ತಮದ್ದನ್ನು ಮೊದಲು ಬಿಟ್ಟರೆ ಜನ ಇನ್ನೂ ಕೈ ಬಿಚ್ಚಿರುವುದಿಲ್ಲ, ಕೊನೆಗಿಟ್ಟರೆ ಅರ್ಧ ಜನ ಬಸ್ಸಿಗೆ ಹೊರಟಿರುತ್ತಾರೆ. ಒಂದು ಗಟ್ಟಿಮುಟ್ಟಾದ ಸಾಧಾರಣ ಟಗರಿನಿಂದ ಶುರು ಮಾಡಿ, ಮೂರನೆಯದಾಗಿ ಒಳ್ಳೆಯದನ್ನು ಬಿಟ್ಟೆವು. ಮಾಂಸಕ್ಕಾದರೆ 18,000 ಬರುತ್ತಿದ್ದ ಆ ನಾಲ್ಕು ಹಲ್ಲಿನ ಟಗರು 43,000ಕ್ಕೆ ನಿಂತಿತು. ಕೊನೆಯ ಐದಾರು ಸಾವಿರ ಏರಿದ್ದು ಇಬ್ಬರೇ ಹಟಕ್ಕೆ ಬಿದ್ದು ಕೂಗಿದ್ದರಿಂದ. ಟವಲ್ ಕೆಳಗೆ ಆ ಹಟ ಹುಟ್ಟುತ್ತಲೇ ಇರಲಿಲ್ಲ.

ಎಲ್ಲವೂ ಮಾರಾಟವಾಗಲಿಲ್ಲ. ಕನಿಷ್ಠ ಬೆಲೆ ಮುಟ್ಟದವನ್ನು ವಾಪಸ್ ದೊಡ್ಡಿಗೆ ಕಟ್ಟಿದೆವು, ಸಂಜೆ ಹೋಗಿ ಕಮ್ಮಿಗೆ ಕೊಡಲಿಲ್ಲ. ಒಮ್ಮೆ ಕೊಟ್ಟರೆ ಮುಂದಿನ ಸಲ ಯಾರೂ ಕಣದಲ್ಲಿ ಬಾಯಿ ಬಿಡುವುದಿಲ್ಲ, ಸಂಜೆವರೆಗೆ ಕಾಯುತ್ತಾರೆ. ಒಬ್ಬರಿಗಂತೂ ನಾನೇ ಬೇಡ ಅಂದೆ. ಹಿಂದೆ ನನ್ನ ಹತ್ತಿರ ಟಗರು ಕೊಂಡಿದ್ದವರು, ಅದರ ಮರಿಗಳೇ ಈಗ ಅವರ ಮಂದೆಯ ಹೆಣ್ಣುಕುರಿಗಳು. ಅದೇ ಅಪ್ಪನ ಇನ್ನೊಂದು ಮಗನನ್ನು ಕೇಳುತ್ತಿದ್ದರು. "ಅಣ್ಣ, ಇದು ನಿಮ್ಮ ಕುರಿಗಳಿಗೆ ಅಣ್ಣ ಆಗ್ತಾನೆ, ನನ್ನ ಸ್ನೇಹಿತರ ಟಗರು ನೋಡಿ" ಅಂದೆ. ಸ್ವಲ್ಪ ಬೇಜಾರಾದರೂ ಅದನ್ನೇ ಕೊಂಡರು.

ಕೊಂಡು ಹೋಗುವವರಿಗೆಲ್ಲ ಒಂದು ಚೀಲ ನಮ್ಮ ಮಿಶ್ರಣ ಕೊಟ್ಟು ಕಳಿಸಿದೆವು, ಮೇವು ದಿಢೀರ್ ಬದಲಾಗದಿರಲಿ ಅಂತ. ಎರಡು ಮೂರು ವಾರ ಬೇರೆಯಾಗಿ ಕಟ್ಟಿ, ಒಂದು ಟಗರಿಗೆ ಇಪ್ಪತ್ತೈದು ಮೂವತ್ತು ಕುರಿಗಿಂತ ಜಾಸ್ತಿ ಬಿಡಬೇಡಿ, ಎರಡು ವರ್ಷವಾದ ಮೇಲೆ ಬದಲಾಯಿಸಿ ಅಂತ ಜೊತೆಗೆ ಕೊಟ್ಟ ಚೀಟಿಯಲ್ಲೇ ಬರೆದಿತ್ತು. ಬಿಟ್ಟ ಎರಡು ತಿಂಗಳೊಳಗೆ ಕುರಿ ಗಬ್ಬ ನಿಲ್ಲದಿದ್ದರೆ ಟಗರು ವಾಪಸ್ ತನ್ನಿ, ಬೇರೆ ಕೊಡುತ್ತೇವೆ ಅಂತಲೂ ಇತ್ತು. ಇದಕ್ಕೆ ಸ್ನೇಹಿತರು ಮೊದಲು ಒಪ್ಪಿರಲಿಲ್ಲ. ಈಗ ಮುಂದಿನ ಹರಾಜಿಗೆ ಫೋನ್ ಮಾಡುವವರು ಬೆಲೆಗಿಂತ ಮುಂಚೆ ಅದನ್ನೇ ಕೇಳುತ್ತಿದ್ದಾರೆ.