ಥರ್ಮಾಮೀಟರ್ ಹೋಗದ ಎತ್ತರಕ್ಕೊಂದು ಪುಟ್ಟ ಉಪಕರಣ

ನೆಲದಿಂದ 90 ಕಿಲೋಮೀಟರ್ ಮೇಲಿನ ಗಾಳಿಯ ತಾಪಮಾನ ಅಳೆಯುವುದು ಕಷ್ಟ. ಬಲೂನು 40 ಕಿಲೋಮೀಟರ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಉಪಗ್ರಹ ಅಷ್ಟು ಕೆಳಗಿಳಿದರೆ ಉಳಿಯುವುದಿಲ್ಲ. ರಾಕೆಟ್ ಹಾರಿಸಿದರೆ ಕೆಲವೇ ನಿಮಿಷದ ಮಾಹಿತಿ. ಹಾಗಾಗಿ ದೂರದಿಂದಲೇ ನೋಡಬೇಕು. ಅದಕ್ಕೆಂದೇ ಮಾಡಿದ ಒಂದು ಕ್ಯೂಬ್‌ಸ್ಯಾಟ್ (ಪುಟ್ಟ ಡಬ್ಬಿಯಂಥ ಉಪಗ್ರಹ) ಉಪಕರಣದ ಆಪ್ಟಿಕ್ಸ್, ಅಂದರೆ ಬೆಳಕು ಹಾಯುವ ಭಾಗಗಳ ಕೆಲಸ, ನನ್ನ ಪಾಲಿಗೆ ಬಂದಿತ್ತು.

ಆ ಎತ್ತರದಲ್ಲಿ ಆಮ್ಲಜನಕದ ಅಣುಗಳು ರಾತ್ರಿಯೂ ಮಂದವಾಗಿ ಬೆಳಗುತ್ತವೆ. 762 ನ್ಯಾನೋಮೀಟರ್ ಹತ್ತಿರದ ಕಡುಗೆಂಪು ಬೆಳಕು. ನೆಲದಿಂದ ಇದು ಸಿಗುವುದಿಲ್ಲ, ಕೆಳಗಿನ ಆಮ್ಲಜನಕವೇ ಅದನ್ನು ನುಂಗಿಬಿಡುತ್ತದೆ. ತರಂಗಾಂತರವಾರು ಬಿಡಿಸಿ ನೋಡಿದರೆ ಅದರಲ್ಲಿ ಹತ್ತಾರು ಸಣ್ಣ ಗೆರೆಗಳಿವೆ. ಗಾಳಿ ಬಿಸಿಯಾದಂತೆ ಕೆಲವು ಗೆರೆಗಳು ಬಲವಾಗುತ್ತವೆ, ಕೆಲವು ಕುಗ್ಗುತ್ತವೆ. ನಮಗೆ ಬೇಕಾದದ್ದು ಅವುಗಳ ಅನುಪಾತ ಮಾತ್ರ. ಒಟ್ಟು ಬೆಳಕು ಎಷ್ಟೆಂದು ಕರಾರುವಾಕ್ಕಾಗಿ ತಿಳಿಯಬೇಕಿಲ್ಲ. ಉಪಕರಣ ಚಿಕ್ಕದು ಮಾಡುವ ಧೈರ್ಯ ಬಂದಿದ್ದೇ ಇದರಿಂದ.

ಬೆಳಕನ್ನು ಹೀಗೆ ಬಿಡಿಸಲು ನಾವು ಆರಿಸಿದ್ದು ಸ್ಪೇಷಿಯಲ್ ಹೆಟೆರೋಡೈನ್ ಸ್ಪೆಕ್ಟ್ರೋಮೀಟರ್. ಹೆಸರು ಉದ್ದ, ಡಬ್ಬಿ ಚಿಕ್ಕದು. ಬೆಳಕನ್ನು ಎರಡಾಗಿ ಸೀಳಿ ಮತ್ತೆ ಕೂಡಿಸುವ ಮೈಕೆಲ್ಸನ್ ಇಂಟರ್‌ಫೆರೋಮೀಟರ್‌ನ ಕನ್ನಡಿಗಳ ಜಾಗದಲ್ಲಿ ಇದರಲ್ಲಿ ಗ್ರೇಟಿಂಗ್‌ಗಳು, ಅಂದರೆ ಸಣ್ಣ ಗೀರುಗಳ ಫಲಕಗಳು, ಇರುತ್ತವೆ. ಸರಿದಾಡುವ ಭಾಗವೇ ಇಲ್ಲ. ಬೆಳಕು ಹಿಡಿಯುವ ಡಿಟೆಕ್ಟರ್ ಮೇಲೆ ಬೀಳುವ ಪಟ್ಟೆಗಳಿಗೆ ಫೋರಿಯರ್ ಟ್ರಾನ್ಸ್‌ಫಾರ್ಮ್ (ಬೆರೆತ ಅಲೆಗಳನ್ನು ಬೇರ್ಪಡಿಸುವ ಗಣಿತ) ಮಾಡಿದರೆ ಗೆರೆಗಳು ಸಿಗುತ್ತವೆ. ಜರ್ಮನಿಯ ಯೂಲಿಷ್ ಮತ್ತು ವುಪ್ಪರ್ಟಾಲ್ ತಂಡದವರು ಇಂಥದ್ದನ್ನು 2018ರ ಡಿಸೆಂಬರ್‌ನಲ್ಲಿ ಚೀನಾದ ಉಪಗ್ರಹವೊಂದರಲ್ಲಿ ಕಳಿಸಿದ್ದರು. ಹಾಗಾಗಿ ದಾರಿ ತೀರಾ ಹೊಸದಲ್ಲ.

ಜಾಸ್ತಿ ಸಮಯ ತಿಂದಿದ್ದು ಉಪಕರಣದ ಮುಂಭಾಗದ ಫಿಲ್ಟರ್. ಬೇಡದ ಬೆಳಕನ್ನು ತಡೆಯುವುದು ಅದರ ಕೆಲಸ. ಆದರೆ ಬೆಳಕು ಓರೆಯಾಗಿ ಬಂದರೆ ಅದು ಒಳಬಿಡುವ ಪಟ್ಟಿ ಕಿರುತರಂಗದ ಕಡೆ ಸರಿಯುತ್ತದೆ. ಫಿಲ್ಟರ್ ಬಿಸಿಯಾದರೆ ಉದ್ದ ತರಂಗದ ಕಡೆ. ಆಗ ಒಂದು ಬದಿಯ ಗೆರೆಗಳು ಮಂಕಾಗುತ್ತವೆ. ಅನುಪಾತ ಕೆಟ್ಟಿತು, ಅಲ್ವಾ? ಮೇಲಿನ ಗಾಳಿ ಬದಲಾಗದಿದ್ದರೂ ಲೆಕ್ಕದಲ್ಲಿ ತಾಪಮಾನ ಬದಲಾಗುತ್ತದೆ! ಫಿಲ್ಟರ್ ಜೊತೆ ಬಂದ ಗ್ರಾಫ್ ಕೋಣೆಯ ತಾಪಮಾನದ್ದು, ನೇರ ಬೆಳಕಿನದ್ದು. ಅದನ್ನು ಸುಮ್ನೆ ನಂಬಿ ಕೂರುವಂತಿರಲಿಲ್ಲ. ಫಿಲ್ಟರನ್ನು ನಿರ್ವಾತ ಪೆಟ್ಟಿಗೆಯಲ್ಲಿಟ್ಟು, ತಂಪು ಮಾಡುತ್ತಾ, ಕೋನ ಬದಲಿಸುತ್ತಾ, ಟ್ಯೂನ್ ಮಾಡಬಹುದಾದ ಲೇಸರ್ ಹಾಯಿಸಿ ಅಳೆದು ಕೋಷ್ಟಕ ಮಾಡಿದೆವು. ಬೇಜಾರಿನ ಕೆಲಸವೇ. ಆದರೆ ನನ್ನ ಪ್ರಕಾರ ಇಡೀ ಉಪಕರಣದ ನಂಬಿಕೆ ನಿಂತಿರುವುದು ಆ ಕೋಷ್ಟಕದ ಮೇಲೆ.

ಡಿಟೆಕ್ಟರ್ ಬಿಸಿಯಾದರೆ ಕತ್ತಲಲ್ಲೂ ಸಿಗ್ನಲ್ ಕೊಡುತ್ತದೆ. ಕೂಲರ್‌ಗೆ ಸಾಕಾಗುವಷ್ಟು ಕರೆಂಟ್ ಇರಲಿಲ್ಲ. ಬಾಹ್ಯಾಕಾಶಕ್ಕೆ ಮುಖಮಾಡಿದ ಲೋಹದ ಫಲಕಕ್ಕೆ ಶಾಖ ಸಾಗಿಸಿದೆವು.

ಇನ್ನು ಗುರಿ ಹಿಡಿಯುವುದು. 500 ಕಿಲೋಮೀಟರ್ ಕಕ್ಷೆಯಿಂದ ಭೂಮಿಯ ಅಂಚಿನ ಮೇಲಿರುವ ಆ ಗಾಳಿ ಸುಮಾರು 2,300 ಕಿಲೋಮೀಟರ್ ದೂರ. ಎತ್ತರದಲ್ಲಿ ಒಂದು ಕಿಲೋಮೀಟರ್ ತಪ್ಪಬಾರದು ಅಂದರೆ ಉಪಗ್ರಹ 0.025 ಡಿಗ್ರಿಯೂ ಅಲುಗಬಾರದು. ಆ ತಲೆನೋವು ಬೇರೆ ತಂಡದ್ದು, ನನ್ನ ಪುಣ್ಯ.